ನಿಧಾನದ ಬೆಂಕಿಯೂ ಕೋಳಿಯ ಸಾರೂ

ಅಮೇರಿಕಾ ದೇಶದಲ್ಲಿ ನೆಲಸಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಕೆಲವು ತಿಂಗಳಿದ್ದು ಬಂದ ನಮ್ಮ ವಾಚಕರು ಅಲ್ಲಿಯ ಅಡುಗೆಯ ಮನೆಯಲ್ಲಿ ದಪ್ಪನೆಯ ಪಿಂಗಾಣಿಯ ಪಾತ್ರೆಯೊಂದನ್ನು ನೋಡಿಯೇ ಇರುವರು. ಮೊಟ್ಟೆಯ ಆಕಾರದ ಆ ಪಾತ್ರೆಯು ಲೋಹದ ಕವಚವೊಂದರೊಳಗೆ ಕುಳಿತಿರುವುದು. ಮೇಲೆ ಗಾಜಿನ ಮುಚ್ಚಳ, ಹಿಂದೆ ವಿದ್ಯುತ್ತಿನ ತಂತಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮನೆಯವರು ಅದರಲ್ಲಿ ಮಾಂಸ, ತರಕಾರಿ, ನೀರುಗಳನ್ನು ಹಾಕಿ ಗುಂಡಿಯನ್ನು ತಿರುಗಿಸಿ ಹೋಗುವರು. ಸಂಜೆ ಬಾಗಿಲನ್ನು ತೆರೆಯುವಾಗಲೇ ಅಡುಗೆಯ ಪರಿಮಳವು ಅವರನ್ನು ಎದುರುಗೊಳ್ಳುವುದು. ಇದಕ್ಕೆ ಸ್ಲೋ ಕುಕ್ಕರ್ ಎಂದು ಹೆಸರು. ಚಳಿಗಾಲ ಬಂದಿತೆಂದರೆ ಇದರಲ್ಲಿ ಆ ದೇಶದವರು ಮಾಡಿಕೊಳ್ಳುವ ಅಡುಗೆಗಳಲ್ಲಿ ಚಿಕನ್ ನೂಡಲ್ ಸೂಪು, ಎಂದರೆ ಶಾವಿಗೆಯಂತಹ ಹಿಟ್ಟಿನ ಎಳೆಗಳನ್ನು ಹಾಕಿದ ಕೋಳಿಯ ಸಾರು, ಬಹು ಪ್ರಸಿದ್ಧವಾದುದು.

ಮೇಲೆ ನೋಡುವವರಿಗೆ ಇದು ಶ್ರಮವನ್ನೆಲ್ಲ ಕಳೆಯುವ ಯಂತ್ರವಾಗಿ ಕಾಣುವುದು. ವಿಚಾರಿಸಿ ನೋಡಿದರೆ ಶ್ರಮವು ಕಳೆಯುವುದಿಲ್ಲ. ನಡುವಿನ ಹೊತ್ತಿನಿಂದ ಎದ್ದು ಮೊದಲಿಗೂ ಕೊನೆಗೂ ಹೋಗಿ ಸೇರಿಕೊಳ್ಳುವುದು. ಮೊದಲ ಅರ್ಧ ಗಂಟೆ, ಕೊನೆಯ ಅರ್ಧ ಗಂಟೆ, ಈ ಎರಡರಲ್ಲಿ ಎಚ್ಚರವಿದ್ದರೆ ನಡುವೆ ನಿಶ್ಚಿಂತೆಯಾಗಿರಬಹುದು. ಎಚ್ಚರ ತಪ್ಪಿದರೆ ರೋಗಿಗೆಂದು ಮಾಡಿದ ಸಾರೇ ರೋಗವನ್ನು ತರಬಲ್ಲುದು. ಈ ಸಾರನ್ನು ಕುಡಿಯುವವರು ಯಾರು? ನೆಗಡಿ ಹಿಡಿದ ಮಕ್ಕಳು, ಜ್ವರದಿಂದ ಎದ್ದವರು, ಹಲ್ಲು ಸಡಿಲಿದ ವೃದ್ಧರು. ಕೆಟ್ಟ ಆಹಾರವನ್ನು ತಡೆದುಕೊಳ್ಳುವ ಶಕ್ತಿಯು ಕಡಿಮೆಯಾಗಿರುವವರೂ ಅವರೇ ಅಲ್ಲವೆ? ಆದುದರಿಂದಲೇ ಈ ತಿಂಗಳು ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ. ಮಾಂಸಾಹಾರವನ್ನು ವರ್ಜಿಸಿದ ವಾಚಕರು ಪುಟವನ್ನು ಮಗುಚದೆ ಕೊಂಚ ತಾಳಬೇಕು. ಅವರಿಗೆ ಸಂಬಂಧಪಟ್ಟ ಮಾತೊಂದು ಕೊನೆಯಲ್ಲಿ ಉಂಟು.

ಈ ಪಾತ್ರೆಯ ಹುಟ್ಟಿನ ವೃತ್ತಾಂತವು ತಿಳಿಯತಕ್ಕದ್ದಾಗಿದೆ. ಯೆಹೂದ್ಯರ ಧರ್ಮದಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ಕಾಲವು ಸಬ್ಬತ್ ಎಂಬ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ ಬೆಂಕಿಯನ್ನು ಹೊತ್ತಿಸಕೂಡದು. ಆದರೂ ಶನಿವಾರ ಮಧ್ಯಾಹ್ನಕ್ಕೆ ಬಿಸಿಯಾದ ಊಟವು ಬೇಕಷ್ಟೆ. ಪೂರ್ವ ಯುರೋಪಿನ ಊರುಗಳಲ್ಲಿ ಯೆಹೂದ್ಯ ಗೃಹಿಣಿಯರು ಕಾಳು, ಧಾನ್ಯ, ಮಾಂಸಗಳನ್ನು ಗಡಿಗೆಯಲ್ಲಿ ತುಂಬಿ ಶುಕ್ರವಾರ ಹೊತ್ತು ಮುಳುಗುವ ಮೊದಲೇ ರೊಟ್ಟಿ ಸುಡುವವನ ಒಲೆಗೆ ಕಳುಹಿಸುತ್ತಿದ್ದರು. ಒಲೆಯಲ್ಲಿ ಉಳಿದ ಕಾವಿನಿಂದ ರಾತ್ರಿಯೆಲ್ಲ ಬೆಂದು ಹದವಾದ ಆ ಅಡುಗೆಗೆ ಚೋಲೆಂಟ್ ಎಂದು ಹೆಸರು. ಲಿಥುವೇನಿಯಾ ದೇಶದಿಂದ ಬಂದ ತಮ್ಮ ತಾಯಿಯವರ ಬಾಯಿಂದ ಈ ಸಂಗತಿಯನ್ನು ಕೇಳಿದ್ದ ಅರ್ವಿಂಗ್ ನ್ಯಾಕ್ಸನ್ ಎಂಬ ಅಮೇರಿಕದ ಯಂತ್ರಶೋಧಕರು ಅದೇ ಕಾವನ್ನು ವಿದ್ಯುತ್ತಿನಿಂದ ಕೊಡುವ ಪಾತ್ರೆಯೊಂದನ್ನು ಕಲ್ಪಿಸಿದರು. 1936ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. 1940ರಲ್ಲಿ ಅದು ದೊರೆಯಿತು. 1970ರಲ್ಲಿ ಕ್ಯಾನ್ಸಸ್ ನಗರದ ರೈವಲ್ ಎಂಬ ಕಂಪನಿಯು ಅವರ ಉದ್ಯಮವನ್ನು ಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೊಸ ಹೆಸರಿನಿಂದ ಪಾತ್ರೆಯನ್ನು ಪೇಟೆಗೆ ತಂದಿತು. ಅಲ್ಲಿಯ ಸ್ತ್ರೀಯರು ಹೆಚ್ಚು ಹೆಚ್ಚಾಗಿ ಹೊರಗಿನ ಉದ್ಯೋಗಗಳಿಗೆ ಹೋಗತೊಡಗಿದ್ದ ಕಾಲವದು. ಪಾತ್ರೆಯು ಮನೆಮನೆಗೂ ಹರಡಿತು.

ನಮ್ಮ ಹಿರಿಯರಿಗೂ ಈ ಸೂಕ್ಷ್ಮವು ತಿಳಿಯದ್ದಲ್ಲ. ಮಣ್ಣಿನ ಗಡಿಗೆಯಲ್ಲಿ ಹಾಲನ್ನು ತುಂಬಿ, ಬೆರಣಿಯ ಕೆಂಡದ ಮೇಲೆ ಹಗಲೆಲ್ಲ ಇಟ್ಟು, ಕೆನೆ ಕಟ್ಟಿಸುತ್ತಿದ್ದುದನ್ನು ವಯಸ್ಸಾದವರು ಬಲ್ಲರು. ನಿಧಾನವೇ ಪ್ರಧಾನವೆಂಬ ಗಾದೆಯು ಒಲೆಯ ವಿಷಯದಲ್ಲಿಯೂ ಸಲ್ಲುವುದು.

ಇನ್ನು ಸಾರಿನ ವಿಷಯ. ಪೂರ್ವ ಯುರೋಪಿನಿಂದ ಅಮೇರಿಕಕ್ಕೆ ಹೋದ ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ರಾತ್ರಿಯ ಊಟಕ್ಕೆ ಎಳೆಹಿಟ್ಟು ಹಾಕಿದ ಕೋಳಿಯ ಸಾರು ವಾಡಿಕೆಯಾಗಿತ್ತು. ಜರ್ಮನಿಯಿಂದ ಹೋದವರಲ್ಲಿಯೂ ಇಂತಹುದೇ ಸಾರು ಉಂಟು. 1934ರಲ್ಲಿ ಕ್ಯಾಂಬೆಲ್ ಕಂಪನಿಯು ಇದನ್ನು ಡಬ್ಬಿಯಲ್ಲಿ ತುಂಬಿ ಮಾರತೊಡಗಿದ ಮೇಲೆ ಅದು ಎಲ್ಲರ ಮನೆಯ ಪದಾರ್ಥವಾಯಿತು. ಡಬ್ಬಿಯ ಸಾರಿನಲ್ಲಿ ಉಪ್ಪು ಹೆಚ್ಚು. ಮನೆಯಲ್ಲಿ ಮಾಡಿದುದರಲ್ಲಿ ಉಪ್ಪು ನಮ್ಮ ಕೈಯಲ್ಲಿರುವುದು. ರಕ್ತದ ಒತ್ತಡ ಉಳ್ಳವರ ಮನೆಯಲ್ಲಿ ಇದೊಂದೇ ಕಾರಣ ಸಾಕು.

ಬೇಕಾಗುವ ಸಾಮಾನುಗಳು: ಸುಮಾರು 6 ಲೀಟರು ಹಿಡಿಯುವ ಪಾತ್ರೆಗೆ, ಮೂಳೆಸಹಿತವಾದ, ಚರ್ಮ ತೆಗೆದ ಕೋಳಿಯ ತೊಡೆ ಮತ್ತು ಕಾಲಿನ ತುಂಡುಗಳು 1 ಕಿಲೋ, ದೊಡ್ಡ ಈರುಳ್ಳಿ 1, ಕ್ಯಾರೆಟ್ 3, ಸೆಲೆರಿ ಸೊಪ್ಪಿನ ದಂಟು 3, ಬೆಳ್ಳುಳ್ಳಿ 4 ಎಸಳು, ಇಡೀ ಕರಿಮೆಣಸು 10 ಕಾಳು, ಬೇ ಎಲೆ 2, ಬಿಸಿನೀರು 2 ಲೀಟರು, ಒಣಗಿದ ಮೊಟ್ಟೆಯ ನೂಡಲ್ಸ್ 200 ಗ್ರಾಂ, ಕೊನೆಗೆ ಹಾಕಲು ಹೆಚ್ಚಿದ ಪಾರ್ಸ್ಲಿ ಅಥವಾ ಸಬ್ಬಸಿಗೆ ಸೊಪ್ಪು, ಒಂದು ನಿಂಬೆಹಣ್ಣು, ರುಚಿಗೆ ಉಪ್ಪು. ಅಲ್ಲಿಯ ಬೇ ಎಲೆಯೂ ನಮ್ಮ ಪಲಾವಿನ ಎಲೆಯೂ ಬೇರೆ ಬೇರೆ ಗಿಡಗಳವು. ನಮ್ಮದರಲ್ಲಿ ದಾಲ್ಚಿನ್ನಿಯ ವಾಸನೆಯಿರುವುದರಿಂದ ಅದನ್ನೇ ಹಾಕುವವರು ಒಂದೇ ಎಲೆ ಹಾಕುವುದು ಲೇಸು.

ಎದೆಯ ಮಾಂಸವನ್ನು ಬಿಟ್ಟು ತೊಡೆಯನ್ನು ಏಕೆ ಹೇಳಿದೆವೆಂದರೆ, ಎದೆಯ ಮಾಂಸದಲ್ಲಿ ಕೊಬ್ಬೂ ಅಂಟುನಾರೂ ಕಡಿಮೆ. ಆರೇಳು ಗಂಟೆಗಳ ಕಾವಿನಲ್ಲಿ ಅದು ಒಣಗಿ ಹತ್ತಿಯಂತಾಗುವುದು. ತೊಡೆಯಲ್ಲಿಯೂ ಕಾಲಿನಲ್ಲಿಯೂ ಕೊಲಾಜೆನ್ ಎಂಬ ನಾರು ಹೆಚ್ಚು. ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಬಹಳ ಹೊತ್ತು ಇಟ್ಟರೆ ಈ ನಾರು ಕರಗಿ ಜೆಲಾಟಿನ್ ಎಂಬ ಅಂಟಾಗಿ ಸಾರಿಗೆ ಮೈ ಕೊಡುವುದು. ತಣ್ಣಗಾದ ಮೇಲೆ ಸಾರು ಹಲ್ವದಂತೆ ನಡುಗಿದರೆ ಪಾಕವು ಸರಿಯಾಯಿತೆಂದು ತಿಳಿಯಬಹುದು. ಚರ್ಮವನ್ನು ಉಳಿಸಿದರೆ ಅದರ ಕೊಬ್ಬೆಲ್ಲ ಸಾರಿನ ಮೇಲೆ ತೇಲುವುದು. ಹೊಟ್ಟೆ ನೆಟ್ಟಗಿಲ್ಲದವರಿಗೆ ಅದು ಹಿತವಲ್ಲ.

ಮೊದಲ ಅರ್ಧ ಗಂಟೆಯ ಎಚ್ಚರಗಳು ಇವು. ಕೋಳಿಯನ್ನು ಹಿಮಗಟ್ಟಿದ ಹಾಗೆಯೇ ಪಾತ್ರೆಗೆ ಹಾಕಕೂಡದು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ತಟ್ಟೆಯ ಮೇಲಿಟ್ಟು ಕರಗಿಸತಕ್ಕದ್ದು. ಕಾರಣವಿಷ್ಟೆ. ಹಸಿ ಕೋಳಿಯ ಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಮೊದಲಾದ ರೋಗಾಣುಗಳು ಇರುವ ಸಂಭವವುಂಟು. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯು ಆಹಾರವನ್ನು ಕೆಡಿಸುವ ಜೀವಾಣುಗಳಿಗೆ ಅನುಕೂಲವಾದುದು. ಈ ಪಾತ್ರೆಯ ಕಾವು ಮೆಲ್ಲನೆಯದು. ಸಾಮಾನ್ಯವಾಗಿ 200ರಿಂದ 300 ವ್ಯಾಟುಗಳಷ್ಟೇ ಅದರ ಬಲ. ಮಂಜುಗಡ್ಡೆಯಾದ ಮಾಂಸವನ್ನು ಅದಕ್ಕೆ ಒಪ್ಪಿಸಿದರೆ ಗಂಟೆಗಟ್ಟಲೆ ಮಾಂಸವು ಆ ಅಪಾಯದ ಮೇರೆಯೊಳಗೇ ನಿಂತುಬಿಡುವುದು. ಒಲೆಯ ಮೇಲೆ ಹತ್ತು ನಿಮಿಷದಲ್ಲಿ ದಾಟುವ ದಾರಿಯನ್ನು ಇಲ್ಲಿ ಬೇಗ ದಾಟಿಸಬೇಕಾದುದು ನಮ್ಮ ಕೆಲಸ. ಆದುದರಿಂದಲೇ ನೀರನ್ನು ಬಿಸಿ ಮಾಡಿ ಹಾಕುವುದು. ಆದರೆ ಕುದಿಯುವ ನೀರನ್ನು ತಣ್ಣಗಿರುವ ಪಿಂಗಾಣಿಗೆ ಸುರಿಯಬಾರದು, ಪಾತ್ರೆ ಸೀಳುವುದು. ಕೈಗೆ ಚುರುಕೆನ್ನುವಷ್ಟು ಬಿಸಿ ಸಾಕು.

ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ನಮ್ಮಲ್ಲಿ ರೂಢಿ. ತೊಳೆಯುವುದರಿಂದ ರೋಗಾಣುಗಳು ಹೋಗುವುದಿಲ್ಲ. ನೀರಿನ ಹನಿಗಳೊಡನೆ ಸಿಡಿದು ಪಕ್ಕದ ಲೋಟಕ್ಕೂ ಸೊಪ್ಪಿಗೂ ಅಂಟಿಕೊಳ್ಳುವುವು. ಅವುಗಳನ್ನು ಕೊಲ್ಲುವುದು ಕಾವೊಂದೇ. ಅಂಗಡಿಯಲ್ಲಿ ಶುಚಿಮಾಡಿ ಕಟ್ಟಿಕೊಟ್ಟ ಮಾಂಸವನ್ನು ತೊಳೆಯದಿರುವುದೇ ಉತ್ತಮ. ರಕ್ತವೋ ಪುಕ್ಕವೋ ಉಳಿದಿದ್ದರೆ ಬೋಗುಣಿಯ ನೀರಿನಲ್ಲಿ ಸಿಡಿಯದಂತೆ ಮೆಲ್ಲನೆ ಅದ್ದಿ ತೆಗೆದು, ಆಮೇಲೆ ಬೋಗುಣಿ, ತೊಟ್ಟಿ, ಈಳಿಗೆ, ಕೈ ಎಲ್ಲವನ್ನೂ ಸೋಪು ಹಚ್ಚಿ ತೊಳೆಯಬೇಕು. ತರಕಾರಿಯನ್ನು ಮೊದಲು ಹೆಚ್ಚಿಟ್ಟು, ಮಾಂಸವನ್ನು ಕೊನೆಗೆ ಮುಟ್ಟುವುದು ಇನ್ನೂ ಜಾಣತನ.

ಪಾತ್ರೆಯಲ್ಲಿ ಇಡುವ ಕ್ರಮವೂ ನಮ್ಮ ಒಲೆಯ ಕ್ರಮಕ್ಕೆ ತಿರುಗುಮುರುಗು. ಒಲೆಯ ಮೇಲೆ ಮಾಂಸವು ಮೊದಲು, ತರಕಾರಿಯು ಆಮೇಲೆ. ಇಲ್ಲಿ ತರಕಾರಿಯೇ ಅಡಿಗೆ ಹೋಗಬೇಕು. ಕ್ಯಾರೆಟ್ಟಿನಂತಹ ಗಡ್ಡೆಗಳನ್ನು ಗಟ್ಟಿಯಾಗಿ ಹಿಡಿದಿರುವ ಪೆಕ್ಟಿನ್ ಎಂಬ ಅಂಟು ಸುಮಾರು 85 ಡಿಗ್ರಿಯ ಹತ್ತಿರಕ್ಕೆ ಬಂದಲ್ಲದೆ ಸಡಿಲುವುದಿಲ್ಲ. ಮಾಂಸವು ಅದಕ್ಕೆ ಮುಂಚೆಯೇ ಬೇಯುವುದು. ಕಾವು ಪಾತ್ರೆಯ ಅಡಿಯಿಂದಲೂ ಪಕ್ಕಗಳಿಂದಲೂ ಬರುವುದಾದ್ದರಿಂದ ಗಟ್ಟಿಯಾದುದು ಅದಕ್ಕೆ ಸಮೀಪದಲ್ಲಿರಬೇಕು. ಈರುಳ್ಳಿ, ಕ್ಯಾರೆಟ್, ಸೆಲೆರಿಗಳನ್ನು ಬೆರಳಿನ ಗಾತ್ರಕ್ಕೆ ಹೆಚ್ಚಿ ಅಡಿಯಲ್ಲಿ ಹರಡಿ, ಅದರ ಮೇಲೆ ಕೋಳಿ, ಬೆಳ್ಳುಳ್ಳಿ, ಮೆಣಸು, ಎಲೆ, ಅರ್ಧ ಚಮಚ ಉಪ್ಪು ಹಾಕಿ, ನೀರನ್ನು ಸುರಿಯುವುದು. ಪಾತ್ರೆಯು ಅರ್ಧಕ್ಕಿಂತ ಕಡಿಮೆಯೂ ಮುಕ್ಕಾಲಿಗಿಂತ ಹೆಚ್ಚೂ ತುಂಬಿರಬಾರದು. ಹೇಳಿದ ಅಳತೆಯು ಅರ್ಧಕ್ಕೆ ಕೊಂಚ ಮೇಲೆ ನಿಲ್ಲುವುದು.

ಮೊದಲ ಒಂದು ಗಂಟೆ ಹೆಚ್ಚಿನ ಕಾವಿನಲ್ಲಿಟ್ಟು, ಆಮೇಲೆ ಕಡಿಮೆಗೆ ತಿರುಗಿಸಿ 6ರಿಂದ 7 ಗಂಟೆ ಬೇಯಿಸುವುದು ಒಳ್ಳೆಯದು. ಹೊತ್ತಿಲ್ಲದವರು ಹೆಚ್ಚಿನ ಕಾವಿನಲ್ಲಿಯೇ 3ರಿಂದ 4 ಗಂಟೆ ಇಡಬಹುದು. ಅನೇಕ ಮಾದರಿಗಳಲ್ಲಿ ಎರಡು ಗುರುತುಗಳೂ ಕೊನೆಗೆ ಮುಟ್ಟುವುದು ಕುದಿಗೆ ಸಮೀಪವಾದ ಒಂದೇ ಉಷ್ಣತೆಯನ್ನು. ಒಂದು ಬೇಗ ಮುಟ್ಟುವುದು, ಇನ್ನೊಂದು ತಡವಾಗಿ, ಇಷ್ಟೇ ಭೇದ. ನಡುವೆ ಮುಚ್ಚಳವನ್ನು ತೆರೆದು ನೋಡುವ ಚಪಲವನ್ನು ಬಿಡಬೇಕು. ಒಮ್ಮೆ ತೆರೆದರೆ ಹೋದ ಕಾವು ಮರಳಿ ಕೂಡಲು 20ರಿಂದ 30 ನಿಮಿಷ ಹಿಡಿಯುವುದು. ಈ ಪಾತ್ರೆಯಲ್ಲಿ ಆವಿ ಹೊರಗೆ ಹೋಗುವುದು ಅತ್ಯಲ್ಪ. ನೀರು ಬತ್ತೀತೆಂಬ ಭಯ ಬೇಡ. ಅದೇ ಕಾರಣದಿಂದ, ಹೆಚ್ಚು ನೀರು ಹಾಕಿ ಆಮೇಲೆ ಇಂಗಿಸುವೆನೆಂದರೂ ಆಗದು.

ಕೊನೆಯ ಅರ್ಧ ಗಂಟೆಗೆ ಬರೋಣ. ಮಾಂಸ ಬೆಂದಿತೆಂಬುದಕ್ಕೆ ಬಣ್ಣವೊಂದೇ ಸಾಕ್ಷಿಯಲ್ಲ. ಅಡುಗೆಯ ಉಷ್ಣಮಾಪಕವನ್ನು ಮೂಳೆಗೆ ತಾಗದಂತೆ ದಪ್ಪನೆಯ ತುಂಡಿನಲ್ಲಿ ಚುಚ್ಚಿದರೆ 74 ಡಿಗ್ರಿಗೆ ಕಡಿಮೆಯಿರಕೂಡದು. ಬಳಿಕ ತುಂಡುಗಳನ್ನು ಹೊರತೆಗೆದು ಮಾಂಸವನ್ನು ಬಿಡಿಸಿ, ಮೂಳೆಗಳನ್ನೆಲ್ಲ ಎಣಿಸಿದಂತೆ ತೆಗೆದುಹಾಕಬೇಕು. ಬಹಳ ಹೊತ್ತು ಬೆಂದ ಕೋಳಿಯಲ್ಲಿ ಸಣ್ಣ ಮೂಳೆಗಳೂ ಮೃದ್ವಸ್ಥಿಗಳೂ ತಾವಾಗಿಯೇ ಕಳಚಿಕೊಂಡು ಸಾರಿನ ತಳದಲ್ಲಿ ಅಡಗಿರುವುವು. ಮಕ್ಕಳಿಗೂ ಮುದುಕರಿಗೂ ಬಡಿಸುವ ಸಾರಾದುದರಿಂದ ಸೌಟಿನಿಂದ ತಳವನ್ನು ಬಳಿದು ನೋಡದೆ ಬಿಡಬಾರದು. ಬೇ ಎಲೆಯನ್ನೂ ಆಗಲೇ ತೆಗೆಯುವುದು.

ನೂಡಲ್ಸನ್ನು ಬೆಳಿಗ್ಗೆಯೇ ಹಾಕಿಬಿಟ್ಟರೆ ಸಂಜೆಗೆ ಅದು ಅಂಬಲಿಯಾಗಿರುವುದು. ಗೋದಿಯ ಹಿಟ್ಟಿನಲ್ಲಿರುವ ಪಿಷ್ಟವು ಬಿಸಿನೀರಿನಲ್ಲಿ ನೀರನ್ನು ಹೀರಿ ಉಬ್ಬುತ್ತಲೇ ಹೋಗಿ ಕೊನೆಗೆ ಒಡೆಯುವುದು. ಆದುದರಿಂದ ಮಾಂಸವನ್ನು ಬಿಡಿಸಿ ಮರಳಿ ಸಾರಿಗೆ ಹಾಕಿದ ಮೇಲೆ, ಪಾತ್ರೆಯನ್ನು ಹೆಚ್ಚಿನ ಕಾವಿಗೆ ತಿರುಗಿಸಿ, ನೂಡಲ್ಸನ್ನು ಸೇರಿಸಿ 15ರಿಂದ 20 ನಿಮಿಷ ಮುಚ್ಚಿಡುವುದು. ಇದಕ್ಕಿಂತ ಉತ್ತಮವಾದ ಉಪಾಯವೆಂದರೆ ಒಲೆಯ ಮೇಲೆ ಬೇರೆಯಾಗಿ ಬೇಯಿಸಿ, ಬಸಿದು, ಬಡಿಸುವಾಗ ಬಟ್ಟಲಿಗೆ ಹಾಕಿ ಅದರ ಮೇಲೆ ಸಾರನ್ನು ಸುರಿಯುವುದು. ಹೀಗೆ ಮಾಡಿದರೆ ಮರುದಿನಕ್ಕೆ ಉಳಿದ ಸಾರು ಸಾರಾಗಿಯೇ ಉಳಿಯುವುದು. ಇಲ್ಲವಾದರೆ ರಾತ್ರಿಯೊಳಗೆ ನೂಡಲ್ಸು ಅದನ್ನೆಲ್ಲ ಕುಡಿದುಬಿಡುವುದು. ನಮ್ಮ ಹುರಿದ ಗೋದಿಯ ಶಾವಿಗೆಯನ್ನು ಹಾಕುವವರಿಗೂ ಇದೇ ಮಾತು, ಹೊತ್ತು ಮಾತ್ರ ಇನ್ನೂ ಕಡಿಮೆ. ಉಪ್ಪನ್ನು ಈಗ ರುಚಿ ನೋಡಿ ಹಾಕಿ, ಸೊಪ್ಪನ್ನು ಉದುರಿಸಿ, ನಿಂಬೆಯ ರಸವನ್ನು ಹಿಂಡಬೇಕು. ದೀರ್ಘಕಾಲದ ಕಾವಿನಲ್ಲಿ ಮಂಕಾದ ರುಚಿಯನ್ನು ಎಬ್ಬಿಸುವುದು ಈ ಹುಳಿಯೇ. ನಮ್ಮ ಕೈರುಚಿಯನ್ನು ಬಯಸುವವರು ಕುಟ್ಟಿದ ಮೆಣಸು ಜೀರಿಗೆಗಳನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿ ಮೇಲೆ ಹಾಕಿದರೆ, ನೆಗಡಿಗೆ ನಮ್ಮ ಕಡೆ ಮಾಡುವ ಮೆಣಸಿನ ಕೋಳಿಸಾರಿಗೆ ಅದು ಹತ್ತಿರದ ನಂಟನಾಗುವುದು.

ಉಳಿದ ಸಾರಿನ ವಿಷಯದಲ್ಲಿ ಆಗುವ ಅಲಕ್ಷ್ಯವು ಎಲ್ಲಕ್ಕಿಂತ ಹೆಚ್ಚಿನದು. ಊಟವಾದ ಮೇಲೆ ಗುಂಡಿಯನ್ನು ಆರಿಸಿ, ಪಾತ್ರೆಯನ್ನು ಬೆಳಗಿನವರೆಗೆ ಹಾಗೆಯೇ ಬಿಡುವವರುಂಟು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಜೀವಾಣುವಿನ ಬೀಜಕಣಗಳು ಬೇಯಿಸಿದರೂ ಸಾಯುವುವಲ್ಲ. ಮಾಂಸದ ಸಾರು ಮೆಲ್ಲಮೆಲ್ಲನೆ ಆರುವಾಗ ಅವು ಮೊಳೆತು ಬಹು ಬೇಗ ವೃದ್ಧಿಯಾಗುವುವು. ದಪ್ಪ ಪಿಂಗಾಣಿಯು ಕಾವನ್ನು ಹಿಡಿದಿಟ್ಟುಕೊಳ್ಳುವ ಗುಣವುಳ್ಳದ್ದು. ಬೇಯಿಸುವಾಗ ಗುಣವಾದುದೇ ಆರಿಸುವಾಗ ದೋಷವಾಗುವುದು. ಪಾತ್ರೆಯನ್ನು ಇಡಿಯಾಗಿ ಫ್ರಿಜ್ಜಿನಲ್ಲಿಟ್ಟರೂ ಪ್ರಯೋಜನವಿಲ್ಲ. ಸಾರನ್ನು ಅಗಲವಾದ, ಆಳವಿಲ್ಲದ ಬಟ್ಟಲುಗಳಿಗೆ ಹಂಚಿ 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿ 3 ದಿನ ಇಡಬಹುದು. ಮರಳಿ ಬಿಸಿ ಮಾಡುವುದು ಒಲೆಯ ಮೇಲೆ, ಚೆನ್ನಾಗಿ ಕುದಿಯುವಂತೆ. ಈ ಪಾತ್ರೆಯ ಮೆಲುಗಾವಿನಲ್ಲಿ ತಣ್ಣಗಿನ ಸಾರನ್ನು ಬಿಸಿ ಮಾಡಲು ಹೋಗಬಾರದು.

ವಿದ್ಯುತ್ತು ನಿಂತುಹೋದರೆ? ಮನೆಯಲ್ಲಿದ್ದರೆ ಕೂಡಲೇ ಎಲ್ಲವನ್ನೂ ಗ್ಯಾಸಿನ ಒಲೆಗೆ ಬದಲಾಯಿಸಿ ಬೇಯಿಸಿ ಮುಗಿಸಬೇಕು. ಮನೆಯಲ್ಲಿಲ್ಲದಾಗ ನಿಂತು, ಎಷ್ಟು ಹೊತ್ತು ನಿಂತಿತೆಂಬುದು ಗೊತ್ತಾಗದಿದ್ದರೆ, ಸಾರು ಬೆಂದಂತೆ ಕಂಡರೂ ಚೆಲ್ಲಬೇಕು. ಒಂದು ಕಿಲೋ ಕೋಳಿ ಹೋಯಿತೆಂಬ ಮರುಕವು ಸಹಜ. ಆದರೆ ವೈದ್ಯರ ಬಳಿಗೆ ಓಡುವ ಕಷ್ಟದ ಮುಂದೆ ಅದು ಅಲ್ಪ. ನಮ್ಮ ನಾಡಿನಲ್ಲಿ ಈ ಪಾತ್ರೆಯನ್ನು ಬಳಸುವವರು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಇನ್ನೊಂದು ಸಂಗತಿ: ಅಮೇರಿಕದ ಮನೆಗಳ ವಿದ್ಯುತ್ತು ಸುಮಾರು 120 ವೋಲ್ಟಿನದು, ನಮ್ಮದು 230 ವೋಲ್ಟಿನದು. ಅಲ್ಲಿಂದ ಪ್ರೀತಿಯಿಂದ ತಂದುಕೊಟ್ಟ ಪಾತ್ರೆಯನ್ನು ಇಲ್ಲಿಯ ಗೋಡೆಗೆ ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟುಹೋಗುವುದು. ಬೆಂಕಿಯ ಅನಾಹುತವೂ ಆಗಬಹುದು. ತಕ್ಕ ಶಕ್ತಿಯ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮುಟ್ಟಬಾರದು.

ಶಾಕಾಹಾರಿಗಳಿಗೆ ಹೇಳುವೆವೆಂದ ಮಾತು ಇದು. ಇದೇ ಪಾತ್ರೆಯಲ್ಲಿ ರಾಜ್ಮಾ ಕಾಳನ್ನು ಹಸಿಯಾಗಿ ಹಾಕಿ ಬೇಯಿಸುವುದು ಅಪಾಯಕರ. ಆ ಕಾಳಿನಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷವಸ್ತುವಿರುವುದು. ಚೆನ್ನಾಗಿ ಕುದಿಸಿದರೆ ನಾಶವಾಗುವುದು, ಮೆಲುಗಾವಿನಲ್ಲಿ ನಾಶವಾಗದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿದ ಮೇಲೆಯೇ ಈ ಪಾತ್ರೆಗೆ ಹಾಕತಕ್ಕದ್ದು.

ಕೋಳಿಯ ಸಾರು ನೆಗಡಿಗೆ ಔಷಧವೆ? ಹನ್ನೆರಡನೆಯ ಶತಮಾನದಲ್ಲಿ ಬಾಳಿದ ಯೆಹೂದ್ಯ ವೈದ್ಯ ಮೈಮೊನಿಡೀಸರು ಇದನ್ನು ರೋಗಿಗಳಿಗೆ ಹೇಳಿದ್ದರು. 1978ರಲ್ಲಿ ಅಮೇರಿಕದ ಮಯಾಮಿಯ ವೈದ್ಯರು ಪರೀಕ್ಷಿಸಿದಾಗ, ಬಿಸಿಯಾದ ಕೋಳಿಯ ಸಾರು ಮೂಗಿನ ಸಿಂಬಳವನ್ನು ಬರಿಯ ಬಿಸಿನೀರಿಗಿಂತ ಚೆನ್ನಾಗಿ ಹರಿಯಿಸಿತು. ಅರ್ಧ ಗಂಟೆಯೊಳಗೆ ಆ ಗುಣವು ಇಳಿದುಹೋಯಿತು. 2000ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಟೀಫನ್ ರೆನಾರ್ಡ್ ಎಂಬ ವೈದ್ಯರು, ತಮ್ಮ ಪತ್ನಿಯ ಮನೆತನದ ಸಾರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಉರಿಯೂತದಲ್ಲಿ ಪಾಲುಗೊಳ್ಳುವ ಒಂದು ಬಗೆಯ ಬಿಳಿಯ ರಕ್ತಕಣಗಳ ಚಲನೆಯನ್ನು ಅದು ಕೊಂಚ ತಗ್ಗಿಸುವುದೆಂದು ಪ್ರಕಟಿಸಿದರು. ಆ ಪಾಕವೂ ಲಿಥುವೇನಿಯಾದಿಂದ ಬಂದ ಅಜ್ಜಿಯೊಬ್ಬರದು. ಆದರೆ ಆ ಪರೀಕ್ಷೆ ನಡೆದುದು ಗಾಜಿನ ಪಾತ್ರೆಯೊಳಗೆ, ರೋಗಿಯ ಮೈಯಲ್ಲಲ್ಲ. ಆದುದರಿಂದ ಸಾರಿನಿಂದ ನೆಗಡಿ ವಾಸಿಯಾಗುವುದೆಂದು ಹೇಳಲಾಗದು. ನೀರು, ಉಪ್ಪು, ಬಿಸಿ, ಮೆತ್ತಗಿನ ಆಹಾರ ಇವನ್ನು ಒಂದೇ ಬಟ್ಟಲಲ್ಲಿ ಕೊಡುವುದು ಅದರ ಉಪಕಾರ. ಜ್ವರವು ಬಿಡದಿದ್ದರೆ, ಉಸಿರಾಟವು ಕಷ್ಟವಾದರೆ, ಸಾರನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣತಕ್ಕದ್ದು.

ಈ ಪಾತ್ರೆಗೆ ತಾಳ್ಮೆಯುಂಟು, ವಿವೇಕವಿಲ್ಲ. ಕಾಯುವ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ನೋಡುವ ಕೆಲಸವು ಮನೆಯವರದೇ. ಮೊದಲನ್ನೂ ಕೊನೆಯನ್ನೂ ಮನೆಯವರು ಹೆಂಗಸರು ಗಂಡಸರೆನ್ನದೆ ಹಂಚಿಕೊಂಡು ನೋಡಿಕೊಂಡರೆ, ನಡುವೆ ಉಳಿದ ಆರು ಗಂಟೆಗಳಲ್ಲಿ ಒಂದಿಷ್ಟನ್ನಾದರೂ ಒಲೆಯ ಮುಂದೆ ನಿಲ್ಲದೆ, ಹಾಸಿಗೆ ಹಿಡಿದ ಮಗುವಿನ ತಲೆಯ ಬಳಿ ಕುಳಿತು ಕಳೆಯಬಹುದು.